ಕೆಂಪು ಗುರುತಿಲ್ಲದ ಆ್ಯಪ್

"ಅಲ್ಲವ್ವಾ, ಮರ್ತ ದಿನಕ್ಕ ಕೆಂಪು ಗುರುತು ಎಲ್ಲದ?" ಎಂದು ಕೇಳಿಬಿಟ್ಟೆ. ಗಮನ ನಿಲ್ಲದ ತನ್ನಂಥವರು ದಿನದ ರೂಢಿ ಬೆಳೆಸಿಕೊಳ್ಳಲೆಂದು ತಾನೇ ರೂಪಿಸಿದ ಮೊಬೈಲ್ ಆ್ಯಪ್ ಅನ್ನು ಮಗಳು ಭಾಲ್ಕಿಯ ಮನೆಯಲ್ಲಿ ನನಗೆ ತೋರಿಸುತ್ತಿದ್ದಳು.

"ಇದರಾಗ ಕೆಂಪು ಇಲ್ರಿ ಅಪ್ಪಾ. ನೀವು ಹಾಕಿದ್ದೇ ಭಾಳ ಆಗ್ಯಾದ," ಎಂದು ನಕ್ಕಳು.

ನಾನು ನಗಲಿಲ್ಲ. ಅವಳು ಶಾಲೆಯಲ್ಲಿ ಟಿಫಿನ್ ಡಬ್ಬಿ ಮರೆತು ಬಂದ ದಿನವೆಲ್ಲ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ, ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದೆ.

ಅಷ್ಟರಲ್ಲಿ ಆ ಆ್ಯಪ್ ಬಳಸುವ ಔರಾದ್‌ನ ಒಬ್ಬ ಹುಡುಗಿಯ ತಾಯಿ ಮಗಳಿಗೆ ಫೋನ್ ಮಾಡಿದರು; ಅವಳು ನನಗೂ ಕೇಳಲೆಂದು ಸ್ಪೀಕರ್ ಹಾಕಿದಳು. "ಎರಡು ದಿನ ಮರ್ತಿದ್ದಳ್ರಿ. ಇವತ್ತ ಯಾರೂ ಹೇಳ್ದೇ ತಾನೇ ಹಲ್ಲುಜ್ಜಿದಳ್ರಿ."

ನೆಂಟರು ಬಂದರೆ ಈಗ ಹೆಮ್ಮೆಯಿಂದ ಮಗಳ ಆ್ಯಪ್ ತೋರಿಸುತ್ತೇನೆ. ಅದರಲ್ಲಿ ಕೆಂಪು ಏಕಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ.