ನೂಡಲ್ಸ್ ಬಟ್ಟಲಿನಲ್ಲಿ ನಮ್ಮತ್ತೆಯ ರಂಜಕ

ಬಂಟ್ವಾಳದ ಬಿ.ಸಿ. ರೋಡಿನ ಆ ಹೊಸ ಹೋಟೆಲಿನಲ್ಲಿ ಕರಿ ಬಟ್ಟಲೊಂದನ್ನು ನನ್ನ ಮುಂದಿಟ್ಟು, ಕೈಗೆ ಎರಡು ಕಡ್ಡಿ ಕೊಟ್ಟು, ಸೊರ್ರೆಂದು ಸದ್ದು ಮಾಡಿಕೊಂಡೇ ತಿನ್ನಬೇಕು, ಅದೇ ಮರ್ಯಾದೆ ಎಂದರು. ನಮ್ಮ ಗುಳೇದಗುಡ್ಡದಲ್ಲಿ ಹಾಗೆ ಸದ್ದು ಮಾಡಿ ಉಂಡರೆ ಅಜ್ಜಿ ತಲೆಗೊಂದು ಮೊಟಕುತ್ತಿದ್ದಳು. ಕಡ್ಡಿ ಬದಿಗಿಟ್ಟೆ. ಬಟ್ಟಲಿನ ಮೇಲೆ ತೇಲುತ್ತಿದ್ದ ಕೆಂಪು ಖಾರವನ್ನಷ್ಟೇ ಚಮಚದ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡೆ. ಅದು ಚೀನಾದ ರುಚಿಯಾಗಿರಲಿಲ್ಲ, ಜಪಾನಿನದೂ ಅಲ್ಲ. ಅದು ನಮ್ಮತ್ತೆ ಕುಟ್ಟುವ ರಂಜಕ.

ಇದನ್ನು ಓದುವ ನಮ್ಮ ಕಡೆಯವರಿಗೆ ರಂಜಕ ಗೊತ್ತು. ಗಿಡದಲ್ಲೇ ಹಣ್ಣಾದ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕುಟ್ಟಿ, ನಿಂಬೆಹುಳಿ ಹಿಂಡಿ ಇಟ್ಟದ್ದು. ನಮ್ಮತ್ತೆ ಅದಕ್ಕೆ ಗುರೆಳ್ಳಿನ, ಅಂದರೆ ಹುಚ್ಚೆಳ್ಳಿನ, ಪುಡಿ ಬೆರೆಸುತ್ತಾರೆ, ಚಿಟಿಕೆ ಬೆಲ್ಲವನ್ನೂ. ಈ ಕರಾವಳಿಯಲ್ಲಿ ಗುರೆಳ್ಳನ್ನು ಕೇಳುವವರೇ ಇಲ್ಲ. ಅದನ್ನು ಇಲ್ಲಿಗೆ ತಂದವಳು ನಾನು, ಕಲಿಸಿದ್ದು ಒಬ್ಬಳಿಗೆ ಮಾತ್ರ.

ಸರಕಾರಿ ಶಾಲೆಯ ಕನ್ನಡ ಶಿಕ್ಷಕಿಯಾಗಿ ಬಂಟ್ವಾಳಕ್ಕೆ ಬಂದಾಗ ನನ್ನ ಕನ್ನಡವೇ ನನಗೆ ಅಡ್ಡ ಬಂತು. ಮೊದಲ ಪಾಠದಲ್ಲೇ 'ಐತಿ' ಅಂದೆ, ಇಡೀ ತರಗತಿ ನಕ್ಕಿತು. ಇಲ್ಲಿ ಇರುವುದೆಲ್ಲ 'ಉಂಟು'. ಅದೂ ಶಾಲೆಯಲ್ಲಿ, ಕಚೇರಿಯಲ್ಲಿ ಮಾತ್ರ. ಬಸ್ಸಿನಲ್ಲಿ, ಮೀನಿನ ಅಂಗಡಿಯಲ್ಲಿ, ಜಗಲಿಯಲ್ಲಿ ಎಲ್ಲ ತುಳು. ಕನ್ನಡ ನಾಡಿನೊಳಗೇ ಮೂಕಿಯಂತೆ ಓಡಾಡಿದೆ. ಬಾಡಿಗೆ ಮನೆ ಕೇಳಿದಲ್ಲೆಲ್ಲ 'ಘಟ್ಟದ ಮೇಲಿನವರಾ?' ಎಂಬ ಪ್ರಶ್ನೆ. ಕೊನೆಗೆ ನರಿಕೊಂಬಿನಲ್ಲಿ, ನದಿಯ ಸದ್ದು ಕೇಳುವಷ್ಟು ಹತ್ತಿರದಲ್ಲಿ, ಎರಡು ಕೋಣೆ ಸಿಕ್ಕಿತು.

ಪಕ್ಕದ ಮನೆಯವಳು ಪ್ರಮೀಳಾ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನನಗಿಂತ ಕಿರಿಯಳು, ಮಾತು ಕಡಿಮೆ. ಮೊದಲ ಮಳೆಗಾಲದಲ್ಲಿ ನಾನು ಜ್ವರ ಬಂದು ಮಲಗಿದಾಗ ಕುಚ್ಚಲಕ್ಕಿ ಗಂಜಿ ತಂದು, ನಾನು ಕುಡಿದು ಮುಗಿಸುವವರೆಗೆ ಬಾಗಿಲಲ್ಲಿ ಕೂತಿದ್ದಳು. ಜೋಳದ ರೊಟ್ಟಿಯಿಲ್ಲದೆ ಹೊಟ್ಟೆ ತುಂಬುವುದಿಲ್ಲ ಎಂದುಕೊಂಡಿದ್ದ ನಾನು ಆ ದಪ್ಪ ಕೆಂಪು ಅಕ್ಕಿಗೆ ಒಗ್ಗಿದ್ದು ಅವಳಿಂದ. 'ಒಣಸಾಂಡಾ?' ಅಂದರೆ ಊಟ ಆಯಿತಾ ಎಂದು ಹೇಳಿಕೊಟ್ಟವಳೂ ಅವಳೇ. ಮೀನು ಮಾರುವ ಹೆಂಗಸಿಗೆ ನಾನು ತುಳುವಿನಲ್ಲೇ ಬೇಡ ಎಂದ ದಿನ ನನಗಿಂತ ಅವಳೇ ಹೆಚ್ಚು ಹಿಗ್ಗಿದಳು.

ಊರಿನಿಂದ ನಾನು ತಂದ ರಂಜಕವನ್ನು ಗಂಜಿಯ ಜೊತೆ ನೆಂಚಿಕೊಂಡು ಅವಳು ಕಣ್ಣೊರೆಸಿಕೊಳ್ಳುತ್ತ ಇನ್ನಷ್ಟು ಕೇಳಿದ್ದಳು. ಮುಂದಿನ ಚಳಿಗಾಲದಲ್ಲಿ ನನ್ನ ಅಡುಗೆಮನೆಯಲ್ಲೇ ಕೂಡಿ ಕುಟ್ಟಿದೆವು. ಅತ್ತೆ ತಮ್ಮ ಮಗಳಿಗೂ ಹೇಳಿಕೊಡದ ಹದವನ್ನು ನಾನು ಅವಳಿಗೆ ತೋರಿಸಿದೆ. ಮನೆಯ ಊಟಕ್ಕೆ ಮಾತ್ರ ಮಾಡುತ್ತೇನೆ ಎಂದು ಅವಳೇ ಹೇಳಿದಳು. ನಾನೇನೂ ಹಾಗೆಂದು ಕೇಳಿರಲಿಲ್ಲ.

ಈ ವರ್ಷ ಊರ ಕಡೆ ವರ್ಗಕ್ಕೆ ನನ್ನ ಸರದಿ ಬಂದಿತ್ತು. ಗುಳೇದಗುಡ್ಡದಲ್ಲಿ ಖಣದ ಅಂಗಡಿ ಇಟ್ಟಿರುವ ನನ್ನ ಗಂಡ ದಿನ ಎಣಿಸುತ್ತಿದ್ದರು. ನಾನು ಬಿಟ್ಟುಕೊಟ್ಟೆ. ಇನ್ನೆರಡು ವರ್ಷ ಇಲ್ಲೇ ಇರುತ್ತೇನೆ, ಈಗಷ್ಟೇ ಬೇರು ಹಿಡಿದಿದೆ ಎಂದೆ. ಅವರು, "ಆತು, ನಿನಗ ಅಲ್ಲೇ ಸೇರೇತಿ," ಎಂದು ಫೋನ್ ಇಟ್ಟರು.

ಅದೇ ಹೊತ್ತಿಗೆ ದೋಹಾದ ಹೋಟೆಲಿನಲ್ಲಿದ್ದ ಪ್ರಮೀಳಾಳ ತಮ್ಮ ನವೀನ ಹಿಂದಿರುಗಿ ಬಿ.ಸಿ. ರೋಡಿನಲ್ಲಿ ನೂಡಲ್ಸ್ ಹೋಟೆಲು ತೆರೆದ. ಅವಳೂ ಹೊಲಿಗೆ ಬಿಟ್ಟು ಅಲ್ಲಿಗೆ ಹೋಗತೊಡಗಿದಳು. ನನ್ನನ್ನು ಯಾವಾಗ ಕರೆಯುತ್ತೀ ಎಂದರೆ, ಇನ್ನೂ ಎಲ್ಲ ಸರಿಯಾಗಲಿಲ್ಲ ಟೀಚರ್, ಆಮೇಲೆ ಹೋಗುವ ಎನ್ನುತ್ತಿದ್ದಳು.

ಕೊನೆಗೆ ನಾನು ಹೋದದ್ದು ಸಹೋದ್ಯೋಗಿಗಳ ಜೊತೆ, ಮುಖ್ಯ ಶಿಕ್ಷಕರು ನಿವೃತ್ತರಾದ ದಿನ. ಮೂಡುಬಿದಿರೆಯ ಜಿನರಾಜ ಮಾಸ್ತರರು ಜೈನರು, ಕತ್ತಲಾದ ಮೇಲೆ ಏನೂ ಮುಟ್ಟುವುದಿಲ್ಲವಾದ್ದರಿಂದ ಶಾಲೆ ಬಿಟ್ಟ ಕೂಡಲೇ ಹೊರಟೆವು. ಅವರು ಲಿಂಬೆ ಶರಬತ್ತಿಗೇ ನಿಂತರು. ಹೋಟೆಲಿನಲ್ಲಿ ಎಲ್ಲವೂ ನುಣುಪು ಮರ, ಕಾಗದದ ದೀಪ. ಗಾಜಿನಾಚೆ ಒಬ್ಬ ಹಿಟ್ಟನ್ನು ಎಳೆದು ಮಡಚಿ, ಮತ್ತೆ ಎಳೆದು, ಕೈಯಲ್ಲೇ ಎಳೆಗಳನ್ನಾಗಿ ಮಾಡುತ್ತಿದ್ದ. ನಮ್ಮ ಕಡೆ ಮಂಚದ ಮೇಲೆ ಶ್ಯಾವಿಗೆ ಹೊಸೆಯುತ್ತಿದ್ದದ್ದು ನೆನಪಾಗಿ ಖುಷಿಯೇ ಆಯಿತು. ಎಳೆ ಚೀನಾದ್ದು, ಸಾರು ಜಪಾನಿನ ರಾಮೆನ್ ರೀತಿಯದು ಎಂದು ನವೀನ ವಿವರಿಸಿದ. ಅಣಬೆ, ಸೋಯಾ ಪನೀರಿನಂಥ ತೋಫು, ನೋರಿ ಎಂಬ ಕಡಲ ಪಾಚಿಯ ಹಾಳೆ. ಅವನಿಗೆ ನನ್ನ ಗುರುತು ಇರಲಿಲ್ಲ.

ಖಾರ ನಾಲಿಗೆಗೆ ತಾಗಿದ ಮೇಲೆ ನಾನೇ ಕೇಳಿದೆ, ಇದನ್ನು ಎಲ್ಲಿ ಕಲಿತಿರಿ ಎಂದು.

"ಅದಕ್ಕೇ ಜನ ಬರುವುದು ಮೇಡಂ," ಎಂದ ನವೀನ. "ದೋಹಾದಲ್ಲಿ ಒಬ್ಬರು ಜಪಾನಿನ ಬಾಣಸಿಗ ಇದ್ದರು. ಅವರ ಅಜ್ಜಿಯದ್ದಂತೆ. ನನಗೊಬ್ಬನಿಗೇ ಹೇಳಿಕೊಟ್ಟದ್ದು."

ಅಷ್ಟರಲ್ಲಿ ಪ್ರಮೀಳಾ ತಟ್ಟೆ ಹಿಡಿದು ಒಳಗಿನಿಂದ ಬಂದಳು. ನನ್ನನ್ನು ಕಂಡಳು, ತಮ್ಮನ ಮಾತು ಕೇಳಿಸಿಕೊಂಡಳು, ತಟ್ಟೆಯನ್ನು ಪಕ್ಕದ ಮೇಜಿಗಿಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಜಿನರಾಜ ಮಾಸ್ತರರು, ಖಾರ ಜಾಸ್ತಿಯಾಯಿತಾ, ಕಣ್ಣು ಕೆಂಪಗುಂಟಲ್ಲ ಎಂದರು. ಹೌದು ಎಂದೆ.

ಮರುದಿನ ಬೆಳಿಗ್ಗೆ ಅವಳ ಬಾಗಿಲಿಗೆ ಹೋದೆ. ಅವಳು ಅಂಗಳ ಗುಡಿಸುತ್ತಿದ್ದಳು. ಕೇಳಿದ್ದರೆ ನಾನೇ ಕುಟ್ಟಿ ಕೊಡುತ್ತಿದ್ದೆ, ಯಾಕೆ ಮುಚ್ಚಿಟ್ಟೆ ಎಂದೆ. ಅವಳು ಪೊರಕೆ ನಿಲ್ಲಿಸಲಿಲ್ಲ.

"ಘಟ್ಟದ ಮೇಲಿನವರ ಖಾರ ಅಂತ ಬರೆದರೆ ಯಾರು ಬರ್ತಾರೆ ಟೀಚರ್? ಜಪಾನಿನದ್ದು ಅಂದರೆ ಬರ್ತಾರೆ."

ನನಗೆ ಹೇಳಬಹುದಿತ್ತಲ್ಲ ಎಂದೆ.

"ನೀವು ಹೇಗೂ ಹೋಗುವವರು ಅಲ್ವಾ," ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಎಲ್ಲರಿಗೂ ಗೊತ್ತಿರುವುದನ್ನು ಹೇಳುವಂತೆ ಹೇಳಿದಳು. "ನಿಮ್ಮ ಕಡೆಯವರು ಯಾರೂ ಇಲ್ಲಿ ನಿಲ್ಲುವುದಿಲ್ಲ. ವರ್ಗ ಸಿಕ್ಕಿದ ಕೂಡಲೇ ಹೊರಟೇ ಹೋಗ್ತಾರೆ. ನಾವು ಇಲ್ಲೇ ಇರಬೇಕಾದವರು."

ಸರದಿ ಬಿಟ್ಟುಕೊಟ್ಟದ್ದನ್ನು ಅವಳಿಗೆ ನಾನು ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ. ಅವಳ ಲೆಕ್ಕದಲ್ಲಿ ನಾನು ಬಂದ ದಿನದಿಂದಲೇ ಹೊರಟು ನಿಂತವಳು. ಗಂಜಿ ಕೊಟ್ಟದ್ದು, ತುಳು ಕಲಿಸಿದ್ದು, ನಕ್ಕದ್ದು ಯಾವುದೂ ಸುಳ್ಳಲ್ಲ, ಅಷ್ಟು ನನಗೂ ಗೊತ್ತು. ದಾರಿಹೋಕರಿಗೂ ಜನ ಪ್ರೀತಿಯಿಂದಲೇ ನೀರು ಕೊಡುತ್ತಾರೆ. ನಾನು ಅದನ್ನು ಬೇರೆ ಏನೋ ಎಂದು ತಿಳಿದು ಮನೆಯವರೊಂದಿಗೆ ಕಳೆಯಬೇಕಿದ್ದ ಎರಡು ವರ್ಷವನ್ನು ಅದಕ್ಕೆ ಕೊಟ್ಟಿದ್ದೆ.

ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅತ್ತೆ ಪಕ್ಕದಿಂದಲೇ ಕೇಳಿಸಿಕೊಂಡು, ತಿನ್ನಲಿ ಬಿಡು, ಖಾರಕ್ಕೇನು ಹೆಸರು ಎಂದು ನಕ್ಕರಂತೆ. ಆ ನಗು ನನಗೂ ಬೇಕಿತ್ತು, ಬರಲಿಲ್ಲ. ದಸರೆ ರಜೆಗೆ ಹೋದಾಗ ಜೋಳದ ರೊಟ್ಟಿಯ ಮುಂದೆ ಕೂತು ಕುಚ್ಚಲಕ್ಕಿ ಗಂಜಿ ನೆನೆದೆ. ಓಣಿಯವರು ನನ್ನ ಮಾತು ಕೇಳಿ, ಮಂಗಳೂರಾಕಿ ಆಗಿ ಬಂದ್ಲು ಎಂದರು. ವಾಪಸು ಬರುವಾಗ ಅತ್ತೆ ಕೊಟ್ಟ ರಂಜಕದ ಭರಣಿಯನ್ನು ಕೈಚೀಲದಿಂದ ತೆಗೆದು ಅಲ್ಲೇ ಇಟ್ಟು ಬಂದೆ.

ಅದು ಹಟ. ಕಾರ್ತಿಕ ಮುಗಿಯುವ ಹೊತ್ತಿಗೆ ಹಟ ಸೋತಿತು. ಒಂದು ಭಾನುವಾರ ಬಾಯಿಗೆ ಏನೂ ಹಿಡಿಸದೆ, ಆ ಒಂದು ರುಚಿ ಬಿಟ್ಟು ಬೇರೆ ಏನೂ ಬೇಡವೆನಿಸಿ, ಬಸ್ಸು ಹತ್ತಿ ಅದೇ ಹೋಟೆಲಿಗೆ ಹೋದೆ. ಒಬ್ಬಳೇ ಕೂತು ಇಡೀ ಬಟ್ಟಲು ಖಾಲಿ ಮಾಡಿದೆ. ಪಕ್ಕದ ಮೇಜಿನವರಿಗೆ ನವೀನ ಜಪಾನಿನ ಅಜ್ಜಿಯ ಕಥೆ ಹೇಳುತ್ತಿದ್ದ.

ಗಲ್ಲಾದಲ್ಲಿ ಪ್ರಮೀಳಾ ಇದ್ದಳು. ಪರ್ಸು ತೆರೆದೆ.

"ನಿಮ್ಮ ಹತ್ತಿರ ತೆಗೊಳ್ಳುವುದಾ ಟೀಚರ್? ಬೇಡ," ಎಂದಳು, ಮೆಲ್ಲಗೆ.

"ಎಲ್ಲರ ಹತ್ತಿರ ತೆಗೆದುಕೊಳ್ಳುವ ಹಾಗೆ ತೆಗೆದುಕೋ," ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ತೆಗೆದುಕೊಂಡಳು.