ಮುಟ್ಟಬ್ಯಾಡ್ರಿ, ದೇವಿ ಬಂದಾಳ

ಮೊದಲು ಬಂದದ್ದು ವಾಸನೆ.

ಅಫಜಲಪುರದ ನಮ್ಮ ಖಾನಾವಳಿಯಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಎಲ್ಲಿಂದಲೋ ಊದಿನಕಡ್ಡಿಯ ವಾಸನೆ ಬಂತು. ಯಾರೂ ಹಚ್ಚಿರಲಿಲ್ಲ. ಹೊಟ್ಟೆಯೊಳಗಿಂದ ಏನೋ ಎದ್ದು ಗಂಟಲಿಗೆ ಬಂದು ನಿಂತಿತು. ಆಮೇಲೆ, ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸಿತು. ಹೆದರಿಕೆಯಾಗಲಿಲ್ಲ. ಹುಟ್ಟಿದಾಗಿನಿಂದ ನಾನು ಕಾಯುತ್ತಿದ್ದದ್ದು ಇವರನ್ನೇ ಅನ್ನುವಂಥ ಸಮಾಧಾನ. ಅಷ್ಟೇ ನೆನಪು.

ಎಚ್ಚರವಾದಾಗ ಅತ್ತೆ ನನ್ನ ಕಾಲು ಹಿಡಿದಿದ್ದರು.

ಕಣ್ಣು ಒಂದೇ ಕಡೆ ನೆಟ್ಟು, ತುಟಿ ಚಪ್ಪರಿಸುತ್ತಾ, 'ಬರ್ತಾನ, ಬರ್ತಾನ' ಎಂದು ಗೊಣಗಿದೆನಂತೆ. ಪಕ್ಕದ ಮನೆಯ ನೀಲಮ್ಮನ ಗಂಡ ಜಗಳಾಡಿ ಸೊಲ್ಲಾಪುರಕ್ಕೆ ಹೋಗಿದ್ದವನು ಮರುದಿನ ಸಂಜೆಯ ಬಸ್ಸಿಗೆ ಬಂದಿಳಿದ. ಅಲ್ಲಿಗೆ ನನ್ನ ರೋಗಕ್ಕೆ ಹೆಸರು ಸಿಕ್ಕಿತು. ದೇವಿ.

ನಮ್ಮ ಮಾವ ದಿನಾ ಬೆಳಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆ ಮಾಡುವವರು. ದೇವರು ಮೈಮೇಲೆ ಬರುವುದೆಲ್ಲ ಸುಳ್ಳು, ಶರಣರು ಇಂಥದ್ದನ್ನು ಒಪ್ಪಲಿಲ್ಲ ಎಂದು ಊಟಕ್ಕೆ ಬಂದ ಗಿರಾಕಿಗಳಿಗೆ ಬೇಸರವಾಗುವಷ್ಟು ಹೇಳುವವರು. ಅವರೂ ಸುಮ್ಮನಾದರು. ದೇವಿಯನ್ನು ಕೇಳಲು ಶುಕ್ರವಾರ ಮಂದಿ ಬರತೊಡಗಿದ ಮೇಲೆ ಜಮಖಾನೆ ಹಾಸಿದವರು ಅವರೇ.

ನನಗೆ ಮತ್ತೆ ಮತ್ತೆ ಹಾಗೆ ಆಗತೊಡಗಿತು. ಬಂದು ಹೋದ ಮೇಲೆ ತಲೆ ಸಿಡಿಯುತ್ತಿತ್ತು. ನಾಲಿಗೆ ಕಚ್ಚಿಕೊಂಡು ಗಾಯವಾಗುತ್ತಿತ್ತು. ಗಂಡ ಬಸವರಾಜರಿಗೆ ಹೇಳಿದೆ.

"ನನಗ ಏನೋ ಆಗಾಕತ್ತದ್ರಿ. ದವಾಖಾನಿಗೆ ಹೋಗೂಣು."

"ಜರಾ ತಡಿ. ಅವ್ವ ಏನಂತಾಳೋ ಕೇಳ್ತೇನಿ," ಅಂದರು.

ಇವತ್ತಿಗೂ ಮೈ ಉರಿಯುವುದು ಇದಕ್ಕೆ. ಸೊಸೆಯಾಗಿ ಬಾಯಿ ತೆರೆದರೆ ನನ್ನ ಮಾತಿಗೆ ಬೆಲೆಯಿಲ್ಲ. ಪ್ರಜ್ಞೆಯಿಲ್ಲದೆ ಏನೋ ಗೊಣಗಿದರೆ ಅದು ಅಪ್ಪಣೆ. ನನಗೇ ನೆನಪಿಲ್ಲದ ಶಬ್ದಗಳನ್ನು ಹಿಡಿದು ಯಾರೋ ಮಗಳ ಮದುವೆ ಗಟ್ಟಿ ಮಾಡಿದರು, ಯಾರೋ ಮುರಿದರು. ತಲೆನೋವೆಂದು ನಾನು ಅತ್ತದ್ದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ದೇವಿಗೆ ತಲೆನೋವು ಬರುವುದುಂಟೇ?

ಆಮೇಲೆ ಆ ಶುಕ್ರವಾರ. ಮಂದಿ ಆಗಲೇ ಬಂದು ಕೂತಿದ್ದರು. ನಾನಿನ್ನೂ ರೊಟ್ಟಿ ಮಾಡುತ್ತಿದ್ದೆ. ವಾಸನೆ ಬಂತು. ಏಳಬೇಕೆಂದುಕೊಂಡೆ. ಆಗಲಿಲ್ಲ.

ನನ್ನ ಎಡಗೈ ಕಾದ ಹಂಚಿನ ಮೇಲಿತ್ತು.

ಅಲ್ಲಿ ನಡೆದದ್ದನ್ನು ಆಮೇಲೆ ನೀಲಮ್ಮ ಹೇಳಿದಳು. ಅವಳು ಎಳೆಯಲು ಓಡಿಬಂದಳಂತೆ. ಅತ್ತೆ ಅಡ್ಡ ನಿಂತರಂತೆ. "ಮುಟ್ಟಬ್ಯಾಡ್ರಿ, ದೇವಿ ಬಂದಾಳ. ಆಕಿಗಿ ಸುಡೂದಿಲ್ಲ." ಕೂತ ಮಂದಿ ಕೈ ಮುಗಿದರಂತೆ. ಚರ್ಮ ಸುಡುವ ವಾಸನೆ ಮನೆ ತುಂಬಿತ್ತು. ಆದರೂ ಕೈ ಮುಗಿದರು. ಕಡೆಗೆ ನೀಲಮ್ಮನೇ ಅತ್ತೆಯನ್ನು ನೂಕಿ ನನ್ನನ್ನು ಹಿಂದಕ್ಕೆ ಎಳೆದಳು.

ಅವಳೇ ಆಳಂದದಲ್ಲಿರುವ ನನ್ನ ಅಣ್ಣನಿಗೆ ಫೋನ್ ಮಾಡಿದಳು. ಶರಣಪ್ಪಣ್ಣ ಬಂದ. ಯಾರನ್ನೂ ಕೇಳಲಿಲ್ಲ. ನನ್ನನ್ನು ಜೀಪಿನಲ್ಲಿ ಕೂರಿಸಿ ಕಲಬುರಗಿಗೆ ಕರೆದುಕೊಂಡು ಹೋದ. ಬಸವರಾಜ ಬಾಗಿಲಲ್ಲಿ ನಿಂತು ನೋಡಿದರು.

ಕೈಗೆ ಸ್ಕಿನ್ ಗ್ರಾಫ್ಟ್ ಆಯಿತು. ಇಇಜಿ ಆಯಿತು, ಎಂಆರ್‌ಐ ಆಯಿತು. ಡಾಕ್ಟರ್ ಹೆಂಗಸು, ನನಗಿಂತ ಚಿಕ್ಕವರು. ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

"ಬರೂಕಿಂತ ಮುಂಚೆ ಏನರೆ ಅನಸ್ತದೇನ್ರಿ ನಿಮಗ?"

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಇಡೀ ಓಣಿ ನನ್ನ ಮುಂದೆ ಕೂತು ತಮ್ಮ ತಮ್ಮ ಪ್ರಶ್ನೆ ಕೇಳಿತ್ತು. ನಾನು ಎಲ್ಲಾ ಹೇಳಿದೆ. ಬೆನ್ನ ಹಿಂದೆ ನಿಲ್ಲುವವರ ಬಗ್ಗೆ ಹೇಳುವಾಗ ಅಳು ಬಂತು.

"ಟೆಂಪೊರಲ್ ಲೋಬ್ ಎಪಿಲೆಪ್ಸಿ," ಎಂದರು. ಮಿದುಳಿನ ಒಂದು ಭಾಗದಲ್ಲಿ ಏಳುವ ಫಿಟ್ಸ್. "ನಿಮಗ ಅನಿಸಿದ್ದು ಸುಳ್ಳಲ್ರಿ, ಖರೇನ ಅನಿಸ್ಯದ. ಆದ್ರ ಅದು ಹುಟ್ಟೂದು ಇಲ್ಲೇ," ಎಂದು ನನ್ನ ಕಿವಿಯ ಮೇಲೆ, ತಲೆಯ ಪಕ್ಕವನ್ನು ಬೆರಳಿನಿಂದ ಮುಟ್ಟಿದರು.

ಒಂದು ಮಾತು ಹೇಳಲೇಬೇಕು. ಗುಳಿಗೆ ಶುರುವಾದ ಮೇಲೆ ಬೆನ್ನ ಹಿಂದಿನವರು ಬರಲಿಲ್ಲ. ಕೆಲವು ಸಲ ಒಲೆಯ ಮುಂದೆ ಕೂತಾಗ ತಿರುಗಿ ನೋಡುತ್ತೇನೆ. ಖಾಲಿ ಗೋಡೆ. ನನ್ನ ದುಃಖ ಡಾಕ್ಟರಿಗೂ ಪೂರ್ತಿ ತಿಳಿಯಲಿಕ್ಕಿಲ್ಲ. ನನ್ನೊಬ್ಬಳ ಪಾಲಿಗೆ ಬಂದಿದ್ದ ಆ ಸಮಾಧಾನವನ್ನು ಓಣಿಯವರು ಬಾಯಿಗೊಂದರಂತೆ ಹಂಚಿಕೊಂಡು ತಿಂದರು, ನನಗೆ ಸುಟ್ಟ ಕೈ ಉಳಿಸಿದರು. ನಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ನೋವನ್ನು ನೋಡದಿರಲು ಅದನ್ನೇ ಮರೆ ಮಾಡಿಕೊಂಡರಲ್ಲ, ಅದಕ್ಕೆ ಸಿಟ್ಟು.

ವಾಪಸು ಬಂದಾಗ ಜಮಖಾನೆ ಹಾಸಿಯೇ ಇತ್ತು. ಸುತ್ತಿ ಮೂಲೆಗೆ ಎಸೆದೆ. ಬಂದ ಮಂದಿಗೆ ಪಟ್ಟಿ ಸುತ್ತಿದ ಕೈ ತೋರಿಸಿದೆ. ಗುಳಿಗೆ ತಿಂದು ದೇವಿಯನ್ನು ಓಡಿಸಿದಳು ಎಂದು ಬೈದು ಹೋದರು. ಬಸವರಾಜ ಮಾತ್ರ ಒಂದು ದಿನ ಮೆಲ್ಲಗೆ, "ಮುಂದಿನ ಸಲ ದವಾಖಾನಿಗೆ ನಾನೂ ಬರ್ತೇನಿ," ಎಂದರು. ನಾನು ಗುಳಿಗೆ ನುಂಗಿ ಒಲೆಯ ಕಡೆಗೆ ಹೋದೆ.

ಒಂದು ಮಧ್ಯಾಹ್ನ ನೋಡುತ್ತೇನೆ, ಅತ್ತೆ ನನ್ನ ಗುಳಿಗೆಗಳನ್ನು ಮೋರಿಗೆ ಸುರಿಯುತ್ತಿದ್ದಾರೆ.

"ನನ್ನ ಕೊಲ್ಲಬೇಕಂತ ಮಾಡೀರೇನ್ರಿ?" ಎಂದು ಕಿರುಚಿದೆ. ಓಣಿಗೆಲ್ಲ ಕೇಳಿರಬೇಕು. "ಕೈ ಸುಟ್ಟಿದ್ದು ಸಾಲಲಿಲ್ಲೇನು?"

ಅವರು ಮೋರಿಯ ಪಕ್ಕದಲ್ಲೇ ಕುಸಿದು ಕೂತರು.

"ಬಸು ಹುಟ್ಟೂಕಿಂತ ಮುಂಚೆ ನನಗೊಂದು ಹೆಣ್ಣು ಕೂಸು ಇತ್ತು ಗೌರವ್ವಾ. ಜ್ವರ ಬಂದಿತ್ತು. ಜ್ವರದಾಗ ಉಣ್ಣಾಕ ಕೊಡಬ್ಯಾಡ ಅಂದ್ರು ದೊಡ್ಡವರು. ಅನ್ನ ಕೇಳಿ ಕೇಳಿ ಹೋತು. ಮಂದಿ ಎಲ್ಲಾ ಎದ್ದು ಹೋದ ಮ್ಯಾಲ ಒಮ್ಮೆ ನಿನ್ನ ಕೇಳಿದ್ದೆ, ಆಕಿಗಿ ಈಗ ಹೊಟ್ಟಿ ತುಂಬ್ಯದೇನು ಅಂತ. ನೀ 'ಹೂಂ' ಅಂದಿ." ಸೆರಗಿನಿಂದ ಮುಖ ಒರೆಸಿಕೊಂಡರು. "ಅದೂ ಜಡ್ಡೇನವ್ವಾ?"

ಅದು ರೋಗವಲ್ಲ ಎಂದು ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂತು.

"ಹೌದ್ರಿ ಅತ್ತಿ. ಅದೂ ಜಡ್ಡೇ. ನನಗೇನೂ ನೆನಪಿಲ್ಲ."

ಅವರು ಅತ್ತರು. ದೇವಿಯ ಮುಂದೆ ಅಳುತ್ತಿದ್ದ ಹಾಗಲ್ಲ, ಬಾಯಿ ಬಿಟ್ಟು, ಕೂಸಿನ ಹಾಗೆ. ನನ್ನ ಸಿಟ್ಟು ಇಳಿಯಲಿಲ್ಲ. ಇಳಿಯಿತೆಂದು ಇವತ್ತಿಗೂ ಹೇಳಲಾರೆ. ಆದರೂ ಪಕ್ಕದಲ್ಲಿ ಕೂತೆ.

"ಆಕಿ ಹೆಸರೇನಿತ್ರಿ?"

"ಸಂಗಮ್ಮ," ಎಂದರು. ಈ ಮನೆಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಕಿರುಚಾಟ ಕೇಳಿ ಬಂದಿದ್ದ ಬಸವರಾಜ ಗುಳಿಗೆ ತರಲು ಮೆಡಿಕಲ್ ಅಂಗಡಿಗೆ ಓಡಿದರು. ಗಿರಾಕಿಯೊಬ್ಬ ಬಂದು ಕರೆದಾಗ ಮಾವ, "ಇವತ್ತ ರೊಟ್ಟಿ ಇಲ್ಲಪ್ಪಾ," ಎಂದು ಬಾಗಿಲು ಮುಂದೆ ಮಾಡಿದರು. ಅತ್ತೆ ಹೇಳುತ್ತಲೇ ಇದ್ದರು. ಸಂಗಮ್ಮನ ಗುಂಗುರು ಕೂದಲು, ಅವಳ ತೊದಲು ಮಾತು, ಬೆಲ್ಲ ಕದ್ದು ತಿನ್ನುತ್ತಿದ್ದದ್ದು.

ನಾನು ಕೇಳುತ್ತಿದ್ದೆ. ಪೂರ್ತಿ ಎಚ್ಚರದಲ್ಲಿ.