ನಲವತ್ತೇಳರ ಅಕ್ಕಪಕ್ಕ

ನಮ್ಮ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡದವರು ಇಬ್ಬರೇ: ಸಭಾಂಗಣದ ಎದುರಿನ ಕಲ್ಲಿನ ಪ್ರತಿಮೆ ಮತ್ತು ಮೈಕಣ್ಣ. ಮೂವತ್ತೊಂದು ವರ್ಷ ಆತ ನಮ್ಮೆಲ್ಲರ ಮೈಕು ಹಿಡಿದು, ಎತ್ತಿ, ಇಳಿಸಿ, ತಿರುಪು ಬಿಗಿದ. ತಮ್ಮ ಮಾತಿಗೆ ತಾವೇ ಮರುಳಾಗುವವರು ನಿಂತರೆ ಸದ್ದನ್ನು ಒಂದು ಗೀಟು ಕೆಳಗಿಡುತ್ತಿದ್ದ. "ಗಂಟಲು ಬೇಗ ಸೋಲುತ್ತೆ ಸಾರ್, ಜನ ಬೇಗ ಮನೆಗೆ ಹೋಗ್ತಾರೆ" ಎಂದು ನನಗೊಮ್ಮೆ ಗುಟ್ಟು ಬಿಟ್ಟುಕೊಟ್ಟ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನದನ್ನು ಎರಡು ಗೀಟು ಕೆಳಗಿಡುತ್ತಿದ್ದನೆಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಇಷ್ಟು ಭಾಷಣಗಳ ಪಕ್ಕದಲ್ಲಿ ನಿಂತು ಅವನ ಎಡಗಿವಿ ಪೂರ್ತಿ ಹೋಗಿತ್ತು. ಮಾತಾಡುವವರು ಬಲಕ್ಕೆ ಬರಬೇಕು. ಬಟ್ಟೆ ಹೊಲಿಯುವ ಅವನ ಹೆಂಡತಿ ಹೇಳುತ್ತಿದ್ದಳು: "ಏನು ಭಾಗ್ಯ ನೋಡಿ ಇವರದು! ಬೈಬೇಕಂದ್ರೂ ನಾನೇ ಸುತ್ತಿಕೊಂಡು ಬರಬೇಕು."

ಸಭೆಯಿಲ್ಲದ ದಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಫ್ಯಾನು ರಿಪೇರಿಯೂ ಅವನದೇ. ಹೊಸ ಕಟ್ಟಡ, ತೊಂಬತ್ತಾರು ಕೋಣೆ, ಕೋಣೆಗೊಬ್ಬಳು. ಅದು ನಮ್ಮ ಹೆಮ್ಮೆ. ಏಣಿಯ ಮೇಲೆ ನಿಂತ ಮೈಕಣ್ಣನಿಗೆ ಕಂಡದ್ದು ಬೇರೆ. "ಹನ್ನೆರಡಕ್ಕೆ ಹದಿಮೂರು ಯಾರು ಅಂತ ಗೊತ್ತಿಲ್ಲ ಸಾರ್. ಗೋಡೆ ಒಂದೇ, ಮುಖ ಮಾತ್ರ ನೋಡಿಲ್ಲ." ಹುಡುಗಿಯರನ್ನು ಅವನು ಹೆಸರಿನಿಂದಲ್ಲ, ಕೋಣೆಯ ಸಂಖ್ಯೆಯಿಂದಲೇ ಗುರುತಿಸುತ್ತಿದ್ದ. ದೂರಿನ ಪುಸ್ತಕದಲ್ಲಿ ಇರುತ್ತಿದ್ದದ್ದೂ ಅಷ್ಟೇ.

ಒಂದು ಗುರುವಾರ ಸಂಜೆ ಸಿನಿಮಾ ತೋರಿಸುವ ಯಂತ್ರ ಕೈಕೊಟ್ಟಿತು. ಸಭಾಂಗಣದಲ್ಲಿ ಕೂಗಾಟ. ಮೈಕಣ್ಣ ಜೇಬಿನಿಂದ ದೂರಿನ ಪುಸ್ತಕ ತೆಗೆದು ಮೈಕಿನಲ್ಲಿ ಕೂಗಿದ: "ಇಪ್ಪತ್ತೆರಡು! ಫ್ಯಾನು ಕಿರುಗುಟ್ಟುತ್ತೆ ಅಂತ ಮೂರು ಸಲ ಬರೆದಿದೀಯಲ್ಲಮ್ಮ, ಹೆಂಗೆ ಕಿರುಗುಟ್ಟುತ್ತೆ, ಬಂದು ಕೂಗಿ ತೋರಿಸು!"

ಇಪ್ಪತ್ತೆರಡು ಬಂದಳು. ತೋರಿಸಿದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ಅಲ್ಲಿಂದ ಪ್ರತಿ ಗುರುವಾರ ಅದೇ ಆಯಿತು. ಕೆಟ್ಟ ಸ್ಪೀಕರಿನ ಪೆಟ್ಟಿಗೆಯಲ್ಲಿ ತೊಂಬತ್ತಾರು ಚೀಟಿ. ಸಂಜೆಗೆ ಆರು ಚೀಟಿ ಎತ್ತುವುದು. ಸಂಖ್ಯೆ ಬಂದವಳು ಮೇಲೆ ಬಂದು ಏನಾದರೊಂದು ಹೇಳಬೇಕು. ಬರಲಿಲ್ಲವೋ, ಅಕ್ಕಪಕ್ಕದ ಕೋಣೆಯ ಇಬ್ಬರೂ ಎದ್ದು ಹೋಗಿ ಕರೆದುಕೊಂಡು ಬರಬೇಕು. ಇದೊಂದೇ ನಿಯಮ. ಬರುವಾಗ ಮೂವರೂ ನಗುತ್ತಾ ಬರುತ್ತಿದ್ದರು.

ನಲವತ್ತೇಳನೇ ಕೋಣೆಯ ಹುಡುಗಿ ಪ್ರತಿ ಗುರುವಾರ ಕೊನೆಯ ಸಾಲಿನಲ್ಲಿ ಒಬ್ಬಳೇ ಕೂರುತ್ತಿದ್ದಳು. ಫ್ಯಾನು ಸರಿಮಾಡಲು ಹೋದಾಗ ಕೇಳಿದಳಂತೆ, "ಮೈಕಣ್ಣ, ನನ್ನ ನಂಬರ್ ಯಾವಾಗ ಬರುತ್ತೆ?"

"ನಾನೇನು ಮಾಡಲಿ ತಾಯಿ, ಪೆಟ್ಟಿಗೆ ಕೊಡಬೇಕು."

"ಹೇಳೋಕೆ ಒಂದು ಮಾತು ರೆಡಿ ಮಾಡಿಟ್ಟಿದೀನಿ."

"ಏನದು?"

"ಈಗಲೇ ಹೇಳಿದ್ರೆ ಹೆಂಗೆ?"

ಅರವತ್ತು ಚೀಟಿ ಮುಗಿದಿತ್ತು, ಅವಳದು ಬಂದಿರಲಿಲ್ಲ. ಆ ಹೊತ್ತಿಗೆ ನಮ್ಮ ಸಮಿತಿ ಹುಟ್ಟಿತು. ವಿದ್ಯಾರ್ಥಿಗಳು ಒಂಟಿಯಾಗಿದ್ದಾರೆಂದು ಯಾವುದೋ ಸಮೀಕ್ಷೆ ಹೇಳಿದ್ದರಿಂದ, ಅವರನ್ನು ಒಂದುಗೂಡಿಸುವ ಮನರಂಜನೆ ಆರಿಸಲು 'ವಿದ್ಯಾರ್ಥಿ ಸಮುದಾಯ ಬೆಸುಗೆ ಉನ್ನತ ಸಮಿತಿ'. ಹನ್ನೊಂದು ಜನ, ಒಬ್ಬರೂ ವಿದ್ಯಾರ್ಥಿಯಲ್ಲ. ಕಾರ್ಯದರ್ಶಿ ನಾನು. ಏಳು ಸಭೆ ನಡೆಸಿ 'ಮಹಾ ಲೇಸರ್ ಸಂಜೆ'ಯನ್ನು ಆರಿಸಿದೆವು. ವೇದಿಕೆ ಕಟ್ಟಲು ಸಭಾಂಗಣ ಬೇಕು, ಹಾಗಾಗಿ ಐದು ಗುರುವಾರ ರದ್ದು.

ಒಂದೇ ಮೇಜಿನ ಸುತ್ತ ಕೂತ ಹನ್ನೊಂದು ಜನರ ನಡುವೆ ಮಾತಾಡಲೂ ಅಧ್ಯಕ್ಷರಿಗೆ ಮೈಕು ಬೇಕಿತ್ತು. ಅದನ್ನು ಜೋಡಿಸಲು ಬಂದಿದ್ದ ಮೈಕಣ್ಣ ಅಲ್ಲೇ ನಿಂತುಬಿಟ್ಟ.

"ಸಾರ್, ಗುರುವಾರ ನಿಲ್ಲಿಸಬೇಡಿ. ಇನ್ನೂ ಮೂವತ್ತಾರು ಚೀಟಿ ಇದೆ."

"ಏನ್ರೀ ಅದರ ಹೆಸರು?" ಅಧ್ಯಕ್ಷರು ಮೈಕಿನಲ್ಲೇ ಕೇಳಿದರು.

"ಹೆಸರಿಲ್ಲ ಸಾರ್. ಗುರುವಾರ ಅಂತಾರೆ."

"ಹೆಸರೇ ಇಲ್ಲದ್ದನ್ನ ನಡಾವಳಿಯಲ್ಲಿ ಏನಂತ ಬರೆಯೋದು?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಪೆನ್ನಿನ ಮುಚ್ಚಳ ಹಾಕಿದೆ.

"ನಲವತ್ತೇಳು ಕಾಯ್ತಿದಾಳೆ ಸಾರ್," ಎಂದ ಮೈಕಣ್ಣ.

"ಐದು ವಾರ ಕಾಯಲಿ ಬಿಡ್ರೀ. ಓಡಿಹೋಗ್ತಾಳಾ?"

ನಾವು ನಕ್ಕೆವು. ನಾನೂ ನಕ್ಕೆ.

ಲೇಸರ್ ಸಂಜೆಗೆ ಮೂರು ಸಾವಿರ ಜನ. ದೀಪ ಆರಿಸಿದ್ದರಿಂದ ಯಾರ ಮುಖವೂ ಯಾರಿಗೂ ಕಾಣಲಿಲ್ಲ, ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಲಿಲ್ಲ. 'ಸಮುದಾಯ ಪ್ರಜ್ಞೆ ಉಕ್ಕಿ ಹರಿಯಿತು' ಎಂದು ವರದಿ ಬರೆದೆ. ಅದು ಶುಕ್ರವಾರ. ಸೋಮವಾರ ಬೆಳಿಗ್ಗೆ ಕಸ ಗುಡಿಸುವಾಕೆ ನಲವತ್ತೇಳರ ಬಾಗಿಲು ತಟ್ಟಿದಳು. ಫ್ಯಾನು ತಿರುಗುತ್ತಿತ್ತು. ಹುಡುಗಿ ತೀರಿಹೋಗಿದ್ದಳು.

ಜ್ವರ. ಮೂರು ದಿನದ್ದು. ಒಂದು ದಿನ ಮೊದಲು ತಂದಿದ್ದರೆ ಉಳಿಯುತ್ತಿದ್ದಳು ಎಂದರು ಡಾಕ್ಟರು. ವಾರ್ಡನ್ನಮ್ಮ ಹೇಳಿದರು, ಎಲ್ಲರ ಹಾಗೆ ಅವಳೂ ಕಾರ್ಯಕ್ರಮಕ್ಕೆ ಹೋಗಿ, ಶನಿವಾರ ಭಾನುವಾರದ ರಜೆಗೆ ಊರಿಗೆ ಹೋಗಿರಬೇಕು ಅಂದುಕೊಂಡೆ. ನಲವತ್ತಾರು, ಕೆಮ್ಮು ಕೇಳಿಸಿತ್ತು ಎಂದಳು. ನಲವತ್ತೆಂಟು ಹೇಳಿದಳು, "ಆ ರೂಮು ಖಾಲಿ ಅಂದ್ಕೊಂಡಿದ್ದೆ ಮೇಡಂ."

ಸಂತಾಪ ಸಭೆ ಗುರುವಾರ ಸಂಜೆ ನಡೆಯಿತು. ಅವಳ ಅಪ್ಪ ಅಮ್ಮ ಮುಂದಿನ ಸಾಲಿನಲ್ಲಿದ್ದರು. ಅಪ್ಪನ ತೊಡೆಯ ಮೇಲೆ ಮಗಳ ಚೀಲ. ಅಧ್ಯಕ್ಷರು ನಲವತ್ತು ನಿಮಿಷ 'ನಾವೆಲ್ಲ ಒಂದೇ ಕುಟುಂಬ' ಎಂದರು. ಅವಳ ಹೆಸರನ್ನು ಎರಡು ಸಲ ಚೀಟಿ ನೋಡಿ ಓದಿದರು, ಎರಡು ಸಲವೂ ತಪ್ಪು. ಆಮೇಲೆ ಒಂದು ನಿಮಿಷ ಮೌನ.

ಆ ಮೌನದಲ್ಲಿ ಮೈಕಣ್ಣ ಸ್ಪೀಕರಿನ ಪೆಟ್ಟಿಗೆಯಿಂದ ಒಂದು ಚೀಟಿ ತೆಗೆದ. ಈ ಸಲ ಹುಡುಕಿ ತೆಗೆದ.

"ನಲವತ್ತೇಳು," ಎಂದ ಮೈಕಿನಲ್ಲಿ.

ಯಾರೂ ಬರಲಿಲ್ಲ. ನಿಯಮ ಎಲ್ಲರಿಗೂ ಗೊತ್ತಿತ್ತು. ಮೌನಕ್ಕೆಂದು ನಿಂತಿದ್ದವರ ನಡುವಿನಿಂದ ನಲವತ್ತಾರು ಹೊರಟಳು, ಇನ್ನೊಂದು ಕಡೆಯಿಂದ ನಲವತ್ತೆಂಟು. ಬಾಗಿಲ ತನಕ ಹೋದರು. ಅಲ್ಲಿ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಮೊದಲ ಸಲ ನೋಡುತ್ತಿದ್ದರೆಂದು ಕಾಣುತ್ತದೆ. ಹುಡುಗಿಯ ಅಮ್ಮ ತಿರುಗಿ, ಯಾರೋ ಬರುತ್ತಾರೆಂಬಂತೆ, ಬಾಗಿಲ ಕಡೆಯೇ ನೋಡುತ್ತಿದ್ದರು.

'ಮೌನಾಚರಣೆಯ ವೇಳೆ ಧ್ವನಿವರ್ಧಕದಲ್ಲಿ ತಾಂತ್ರಿಕ ದೋಷ ಕಂಡುಬಂದಿತು.' ನಡಾವಳಿಯ ಈ ಸಾಲು ನನ್ನದು. ಅಧ್ಯಕ್ಷರು ಮೆಚ್ಚಿದರು. ದೋಷ ನಿವಾರಣೆಗಾಗಿ ಮೈಕಣ್ಣನನ್ನು ನೀರಿನ ಪಂಪ್ ಮನೆಗೆ ಹಾಕಿದರು. ಗುರುವಾರಗಳಿಗೆ ಆಮೇಲೆ ಹೆಸರೂ ಸಿಗಲಿಲ್ಲ, ಸಭಾಂಗಣವೂ ಸಿಗಲಿಲ್ಲ.

ಒಂದು ದಿನ ಅವನನ್ನು ನೋಡಲು ಹೋದೆ. ಪಂಪು ಗುಂಯ್ ಎನ್ನುತ್ತಿತ್ತು. ಅವನೇ ಮಾತು ತೆಗೆದ.

"ಅವಳ ಚೀಟಿ ಎತ್ತಿದ ಹಾಗೆ ಮಾಡಿ ಕೂಗಿಬಿಡಬಹುದಿತ್ತು ಸಾರ್. ಯಾರಿಗೆ ಗೊತ್ತಾಗ್ತಿತ್ತು? ಅಕ್ಕಪಕ್ಕದವರಿಗಾದ್ರೂ ಮುಖ ಗುರುತಾಗಿರೋದು. ಆಟ ಅಂದ್ರೆ ಆಟ ಅಂತ ನಿಯತ್ತು ಮಾಡಿದೆ ನೋಡಿ."

ಮೂವತ್ತು ವರ್ಷ ಮೈಕಿನ ಮುಂದೆ ನಿಂತ ನಾನು ಮೈಕಿಲ್ಲದೆ, "ತಪ್ಪು ನಿನ್ನದಲ್ಲಪ್ಪ, ನಮ್ಮದು" ಎಂದೆ.

ಹೇಳುವಾಗ ಅವನ ಎಡಗಿವಿಯ ಬದಿಗೆ ನಿಂತಿದ್ದೆ. ಅದು ನನಗೆ ಗೊತ್ತಿತ್ತು.